ಘಟ್ಟದಲ್ಲಿ ಮಾತ್ರ ಕೆಮ್ಮುವ ಬೈಕು: ಸ್ಪಾರ್ಕ್ ಪ್ಲಗ್ ಗ್ಯಾಪ್ ಅಳೆಯೋದು ಯಾಕೆ, ಹೇಗೆ

ಕುಮಟಾದಿಂದ ಶಿರಸಿಗೆ ಹೊರಟಿದ್ದೆವು. ಆಗಸ್ಟ್ ತಿಂಗಳು, ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಹಿಂದಿನ ಸೀಟಿನಲ್ಲಿ ಭಾವ, ನಮ್ಮಿಬ್ಬರ ನಡುವೆ ಒಂದು ಚೀಲ ತೆಂಗಿನಕಾಯಿ. ಕತಗಾಲ ದಾಟುವವರೆಗೆ ಬೈಕಿನದ್ದು ಏನೂ ತಕರಾರಿರಲಿಲ್ಲ. ದೇವಿಮನೆ ಘಟ್ಟದ ಏರು ಶುರುವಾಯಿತು ನೋಡಿ, ಕೆಮ್ಮು ಹತ್ತಿತು. ಆಕ್ಸಿಲರೇಟರ್ ಜೋರಾಗಿ ತಿರುಗಿಸಿದರೆ ಗಕ್ ಗಕ್ ಎಂದು ಎಳೆತ ತಪ್ಪುತ್ತಿತ್ತು. ಸ್ವಲ್ಪ ಬಿಟ್ಟರೆ ಸರಿಯಾಗುತ್ತಿತ್ತು. ಆದರೆ ಬಿಟ್ಟರೆ ಘಟ್ಟ ಹತ್ತುವುದು ಹೇಗೆ? ಕಡೆಗೆ ಭಾವ ಕೊಡೆ ಹಿಡಿದುಕೊಂಡು ಎರಡು ತಿರುವು ನಡೆದೇ ಬಂದ. ಏರು ಮುಗಿದ ಮೇಲೆ ಬೈಕು ಏನೂ ಆಗದವರ ಹಾಗೆ ಶಿರಸಿವರೆಗೆ ಓಡಿತು.

ಮರುದಿನ ಒಂದು ಗ್ಯಾರೇಜಿಗೆ ಕೊಟ್ಟೆ. ಕಾರ್ಬುರೇಟರ್ ಬಿಚ್ಚಿ ತೊಳೆದರು. ಪೇಟೆಯಲ್ಲಿ ಒಂದು ಸುತ್ತು ಹೊಡೆದು ಬಂದು ‘ಈಗ ಸರಿಯಾಯ್ತು’ ಎಂದರು. ಪೇಟೆಯಲ್ಲಿ ಅದು ಯಾವತ್ತೂ ಕೆಟ್ಟಿರಲೇ ಇಲ್ಲವಲ್ಲ! ಮುಂದಿನ ವಾರ ಅದೇ ಘಟ್ಟ, ಅದೇ ಕೆಮ್ಮು. ಆಮೇಲೆ ಪ್ಲಗ್ ಬಿಚ್ಚಿ ನಾನೇ ಅಳೆದು ನೋಡಿದೆ. ಪುಸ್ತಕದ ಪ್ರಕಾರ 0.8ರಿಂದ 0.9 ಮಿಲಿಮೀಟರ್ ಇರಬೇಕಿದ್ದ ಗ್ಯಾಪ್ 1.2 ಆಗಿತ್ತು. ಹೆಚ್ಚಾಗಿದ್ದು 0.3 ಮಿಲಿಮೀಟರ್. ಮೂರು ಶೇವಿಂಗ್ ಬ್ಲೇಡು ಒಂದರ ಮೇಲೊಂದು ಇಟ್ಟಷ್ಟು.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಂಜಿನ್ ಮುಷ್ಕರ ಹೂಡುತ್ತದೆ ಅಂದರೆ ನಂಬೋದು ಕಷ್ಟ, ಅಲ್ವಾ? ಅದೂ ಪೇಟೆಯಲ್ಲಿ ಸುಮ್ನಿದ್ದು ಘಟ್ಟದಲ್ಲಿ ಮಾತ್ರ. ಪ್ಲಗ್ ಗ್ಯಾಪ್‌ನ ಕಥೆ ಅರ್ಥವಾಗಬೇಕಾದರೆ ಈ ‘ಘಟ್ಟದಲ್ಲಿ ಮಾತ್ರ’ ಅನ್ನುವುದರ ಬೆನ್ನು ಹತ್ತಬೇಕು.

ಮೊದಲು, ಇಂಜಿನ್‌ನೊಳಗಿನ ಪೆಟ್ರೋಲಿಗೆ ಕಿಡಿ ತಾಗಿಸುವ ಈ ಪ್ಲಗ್ ಅನ್ನು ಕೈಯಲ್ಲಿ ಹಿಡಿದು ನೋಡಿ. ಮೇಲೆ ಬಿಳಿ ಪಿಂಗಾಣಿ. ಅದರೊಳಗೆ ಉದ್ದಕ್ಕೂ ಒಂದು ಲೋಹದ ಕಡ್ಡಿ ಹಾದು ಬಂದು ಕೆಳತುದಿಯಲ್ಲಿ ಚೂರು ಇಣುಕುತ್ತದೆ. ಅದು ನಡುವಿನ ಎಲೆಕ್ಟ್ರೋಡ್. ಮರೆ (ತಿರುಗಿಸಿ ಕೂರಿಸುವ ಥ್ರೆಡ್) ಇರುವ ಹೊರಗಿನ ಉಕ್ಕಿನ ಕವಚದಿಂದ ಒಂದು ಪಟ್ಟಿ ಎದ್ದು, ಕೊಕ್ಕೆಯ ಹಾಗೆ ಬಾಗಿ, ಆ ಕಡ್ಡಿಯ ತಲೆಗೆ ಎದುರಾಗಿ ನಿಂತಿರುತ್ತದೆ. ಅದು ಅರ್ತ್ ಎಲೆಕ್ಟ್ರೋಡ್. ಎರಡರ ನಡುವಿನ ಖಾಲಿ ಜಾಗವೇ ಗ್ಯಾಪ್. ದುಡ್ಡು ಕೊಟ್ಟು ತಂದ ಪ್ಲಗ್‌ನಲ್ಲಿ ನಿಜವಾಗಿ ಕೆಲಸ ನಡೆಯುವುದು ಈ ಏನೂ ಇಲ್ಲದ ಜಾಗದಲ್ಲಿ.

ಉಳಿದದ್ದೆಲ್ಲ ಆ ಜಾಗಕ್ಕೆ ಕರೆಂಟು ತಲುಪಿಸುವ ಏರ್ಪಾಡು. ದಾರಿಯಲ್ಲಿ ಸೋರದ ಹಾಗೆ ಕಾಯುವುದು ಪಿಂಗಾಣಿ. ಪ್ಲಗ್ ಮಾಡುವ ಎನ್‌ಜಿಕೆ ಕಂಪನಿಯ ಜಪಾನಿ ಹೆಸರಿನ ನಡುವೆ ಇರುವ ‘ಗಾಯ್ಶಿ’ ಎಂಬ ಪದಕ್ಕೆ ಇನ್ಸುಲೇಟರ್ ಎಂದೇ ಅರ್ಥ. ಪಿಂಗಾಣಿಯೇ ಆ ಕಂಪನಿಯ ಮೂಲ ಎನ್ನಬಹುದು. ನಮ್ಮ ಕಡೆ ಹಳಬರು ಇವತ್ತಿಗೂ ಯಾವ ಪ್ಲಗ್ ಕೊಟ್ಟರೂ ‘ಮೈಕೊ ಪ್ಲಗ್’ ಎನ್ನುತ್ತಾರೆ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೊ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿತು. ಹಳಬರ ಬಾಯಲ್ಲಿ ಮಾತ್ರ ಇನ್ನೂ ಬದಲಾಗಿಲ್ಲ.

ಈಗ ಕಿಡಿಯ ವಿಷಯ. ಗಾಳಿ ಒಳ್ಳೆಯ ಇನ್ಸುಲೇಟರ್. ಅದರೊಳಗೆ ಕರೆಂಟು ಸುಲಭಕ್ಕೆ ಹಾಯುವುದಿಲ್ಲ. ಆದರೆ ವೋಲ್ಟೇಜ್ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಗಾಳಿ ಸೋಲುತ್ತದೆ, ಕಿಡಿ ಹಾರುತ್ತದೆ. ಸಿಡಿಲು ಬಡಿಯುವುದೂ ಇದೇ ರೀತಿ. ಹೊರಗಿನ ಸಾಮಾನ್ಯ ಗಾಳಿಯಲ್ಲಿ ಒಂದು ಮಿಲಿಮೀಟರ್ ದಾಟಲು ಹೆಚ್ಚುಕಡಿಮೆ 3,000 ವೋಲ್ಟ್ ಬೇಕು. ಬ್ಯಾಟರಿಯಲ್ಲಿ ಇರುವುದು 12 ವೋಲ್ಟ್. ಅದನ್ನು 20,000 ವೋಲ್ಟ್‌ಗೆ, ಕೆಲವು ಗಾಡಿಗಳಲ್ಲಿ ಅದಕ್ಕೂ ಮೇಲಕ್ಕೆ ಏರಿಸುವುದು ಇಗ್ನಿಷನ್ ಕಾಯಿಲ್.

ಹಾಗಾದರೆ 3,000 ಬೇಕಾದಲ್ಲಿ 20,000 ಯಾಕೆ? ಪ್ಲಗ್ ಇರುವುದು ಹೊರಗಿನ ಗಾಳಿಯಲ್ಲಿ ಅಲ್ಲವಲ್ಲ. ಪಿಸ್ಟನ್ ಮೇಲೆ ಬಂದು, ಪೆಟ್ರೋಲ್ ಬೆರೆತ ಗಾಳಿಯನ್ನು ಒತ್ತಿ ಹಿಂಡಿದ ಹೊತ್ತಿಗೆ ಕಿಡಿ ಹಾರಬೇಕು. ಒತ್ತಿದ ಗಾಳಿಯಲ್ಲಿ ಕಣಗಳು ಜಾತ್ರೆಯ ಜನರ ಹಾಗೆ ಇಕ್ಕಟ್ಟಾಗಿರುತ್ತವೆ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ತೇರಿನ ಹತ್ತಿರ ಹತ್ತು ಮಾರು ದಾಟಲು ಎಷ್ಟು ನುಗ್ಗಬೇಕು, ನೆನಪಿಸಿಕೊಳ್ಳಿ. ಜಾತ್ರೆ ಇಲ್ಲದ ದಿನ ಅಷ್ಟೇ ದೂರ ಕೈಬೀಸಿಕೊಂಡು ಹೋಗಬಹುದು. ಕಿಡಿಯ ಪಾಡೂ ಅದೇ. ಎಷ್ಟು ವೋಲ್ಟ್ ಬೇಕು ಅನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ: ದೂರ ಎಷ್ಟು, ಒತ್ತಡ ಎಷ್ಟು. ಎರಡನ್ನೂ ಗುಣಿಸಿ ಲೆಕ್ಕ ಹಾಕಬೇಕು ಎಂದು ತೋರಿಸಿದವನು ಜರ್ಮನಿಯ ಫ್ರೀಡ್ರಿಷ್ ಪಾಶೆನ್, 1889ರಲ್ಲಿ. ಅವನ ಹೆಸರಿನ ನಿಯಮವೇ ನನ್ನ ಬೈಕಿನ ರೋಗವನ್ನು ಹಿಡಿದುಕೊಟ್ಟಿತು.

ಹೇಗೆ ಅಂದರೆ, ಪೇಟೆಯಲ್ಲಿ ನಿಧಾನ ಹೋಗುವಾಗ ಆಕ್ಸಿಲರೇಟರ್ ಅರ್ಧವೂ ತಿರುಗಿರುವುದಿಲ್ಲ. ಸಿಲಿಂಡರಿಗೆ ಹೋಗುವ ಗಾಳಿಯೇ ಕಡಿಮೆ. ಹಿಂಡಿದರೂ ಒತ್ತಡ ಅಷ್ಟಾಗಿ ಏರುವುದಿಲ್ಲ. 1.2 ಮಿಲಿಮೀಟರ್ ದಾಟಲು ಕಾಯಿಲ್‌ನ ವೋಲ್ಟೇಜ್ ಹೇಗೋ ಸಾಕಾಗುತ್ತದೆ. ಘಟ್ಟದಲ್ಲಿ ಪೂರ್ತಿ ತಿರುಗಿಸಿದಾಗ ಸಿಲಿಂಡರ್ ತುಂಬಾ ಗಾಳಿ ನುಗ್ಗುತ್ತದೆ. ಕಿಡಿ ಹಾರುವ ಹೊತ್ತಿಗೆ ಒಳಗಿನ ಒತ್ತಡ ಹೊರಗಿನದ್ದಕ್ಕಿಂತ ಹತ್ತು ಪಟ್ಟು, ಅದಕ್ಕೂ ಜಾಸ್ತಿ. ಈಗ ಒತ್ತಡವೂ ಹೆಚ್ಚು, ದೂರವೂ ಹೆಚ್ಚು. ಗಾಳಿ ಸೋಲುವ ಮೊದಲೇ ಕಾಯಿಲ್ ಸೋಲುತ್ತದೆ. ಕಿಡಿ ಇಲ್ಲ, ಎಳೆತ ಇಲ್ಲ. ಮುಂದಿನ ಸುತ್ತಿನಲ್ಲಿ ಅದೃಷ್ಟವಿದ್ದರೆ ಹಾರುತ್ತದೆ. ಗಕ್ ಗಕ್ ಎಂದದ್ದು ಇದು.

ಇಲ್ಲಿಂದಲೇ ಇನ್ನೊಂದು ಮಾತು ಹೊರಡುತ್ತದೆ. ಪ್ಲಗ್ ಬಿಚ್ಚಿ, ಕ್ಯಾಪ್ ಸಿಕ್ಕಿಸಿ, ಇಂಜಿನ್‌ಗೆ ತಾಗಿಸಿ ಹಿಡಿದು ಕಿಕ್ ಹೊಡೆದು, ‘ನೋಡಿ, ಎಷ್ಟು ಚೆಂದ ಕಿಡಿ ಬರ್ತಿದೆ, ಪ್ಲಗ್ ಸರಿ ಇದೆ’ ಎಂದು ತೋರಿಸುವುದುಂಟಲ್ಲ? ಹೊರಗಿನ ಗಾಳಿಯಲ್ಲಿ ಹಾರುವ ಕಿಡಿ ಒಳಗಿನ ಇಕ್ಕಟ್ಟಿನಲ್ಲೂ ಹಾರುತ್ತದೆ ಎಂಬ ಖಾತ್ರಿ ಏನೂ ಇಲ್ಲ. ಕಿಡಿಯೇ ಬಾರದಿದ್ದರೆ ಕೆಟ್ಟಿದೆ ಎನ್ನಬಹುದು. ಬಂದರೆ ಸರಿ ಇದೆ ಎನ್ನಲಾಗುವುದಿಲ್ಲ. ಮೇಲಾಗಿ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುವಾಗ ಪಕ್ಕದಲ್ಲೇ ಕಿಡಿ ಹಾರಿಸುವುದು ಜಾಣತನವಲ್ಲ. ಕಂಪ್ಯೂಟರ್ ಇರುವ ಹೊಸ ಗಾಡಿಗಳಲ್ಲಂತೂ ಈ ಆಟ ಬೇಡವೇ ಬೇಡ.

ಗ್ಯಾಪ್ ತಾನಾಗಿಯೇ ಹೇಗೆ ಹಿಗ್ಗುತ್ತದೆ? ಪ್ರತಿ ಕಿಡಿಯೂ ಎಲೆಕ್ಟ್ರೋಡಿನಿಂದ ಲೋಹದ ಕಣ್ಣಿಗೆ ಕಾಣದಷ್ಟು ಚೂರನ್ನು ಹಾರಿಸಿಕೊಂಡು ಹೋಗುತ್ತದೆ. ಫೋರ್ ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಕಿಡಿಯಾದರೂ ಬೇಕು. ಶಿರಸಿಯಿಂದ ಕಾರವಾರಕ್ಕೆ ಹೋಗಿ ಬರುವಷ್ಟರಲ್ಲಿ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಸವೆಯುವಾಗ ಬರೀ ದೂರ ಹೆಚ್ಚುವುದಲ್ಲ, ಎಲೆಕ್ಟ್ರೋಡಿನ ಚೂಪು ಅಂಚೂ ಉರುಟಾಗುತ್ತದೆ. ಕಿಡಿಗೆ ಚೂಪು ಅಂಚು ಇಷ್ಟ. ಬಯಲಿನಲ್ಲಿ ಒಂಟಿ ತೆಂಗಿನಮರದ ತುದಿಯನ್ನೇ ಸಿಡಿಲು ಹುಡುಕುವ ಹಾಗೆ. ಅಂಚು ಉರುಟಾದಷ್ಟೂ ಕಿಡಿ ಹಾರಿಸಲು ಜಾಸ್ತಿ ವೋಲ್ಟ್ ಬೇಕು. ಹಾಗಾಗಿ ತೀರಾ ಸವೆದ ಪ್ಲಗ್‌ನ ಕೊಕ್ಕೆ ಬಗ್ಗಿಸಿ ಗ್ಯಾಪ್ ಸರಿಮಾಡಿದರೂ ಅದು ಹೊಸದರಂತೆ ಆಗುವುದಿಲ್ಲ. ನಾನೂ ಒಂದು ತಿಂಗಳು ಆ ಜಿಪುಣತನ ಮಾಡಿ ನೋಡಿದವನೇ.

ಹಾಗಾದರೆ ಗ್ಯಾಪ್ ಕಡಿಮೆ ಇದ್ದಷ್ಟೂ ಒಳ್ಳೆಯದೇ? ಅದನ್ನೂ ಅನುಭವಿಸಿ ಆಗಿದೆ. ಹೊಸ ಪ್ಲಗ್ ತಂದವನು ಹಾಕುವ ಮೊದಲು ಕೈಜಾರಿ ಜಗುಲಿಯ ಮೆಟ್ಟಿಲ ಮೇಲೆ ಬೀಳಿಸಿದೆ. ಒರೆಸಿ, ಊದಿ, ಹಾಗೇ ಹಾಕಿದೆ. ಈ ಸಲ ಉಲ್ಟಾ ಆಯಿತು. ಘಟ್ಟವನ್ನು ಸಲೀಸಾಗಿ ಹತ್ತಿತು. ನಿಂತಲ್ಲಿ ಮಾತ್ರ ಇಂಜಿನ್ ಓಡುತ್ತಿರಲಿಲ್ಲ. ಸರ್ಕಲ್ಲಿನಲ್ಲಿ ಗಾಡಿ ನಿಲ್ಲಿಸಿದರೆ ಡುಗು ಡುಗು ಎಂದು ನಡುಗಿ ಆಫ್. ಬಿಚ್ಚಿ ಅಳೆದರೆ 0.4 ಮಿಲಿಮೀಟರ್. ಬಿದ್ದ ಪೆಟ್ಟಿಗೆ ಕೊಕ್ಕೆ ಒಳಗೆ ಬಾಗಿತ್ತು.

ಇದಕ್ಕೆ ಕಾರಣ ನಮ್ಮ ಬಚ್ಚಲ ಒಲೆಯಲ್ಲಿದೆ. ಮಳೆಗಾಲದಲ್ಲಿ ಒಲೆ ಹಚ್ಚಿದವರಿಗೆ ಗೊತ್ತು. ಕಡ್ಡಿ ಗೀರಿ, ಅಂಗೈ ಮರೆ ಮಾಡಿ, ಒಣ ಸೋಗೆಯ ತುದಿಗೆ ಬೆಂಕಿ ಮುಟ್ಟಿಸುತ್ತೇವೆ. ಆ ಎಳೇ ಬೆಂಕಿಗೆ ಸುತ್ತ ಸ್ವಲ್ಪ ಜಾಗ ಬೇಕು. ಎರಡು ಹಸಿ ಕುಂಟೆಗಳ ಸಂದಿಯಲ್ಲಿ ತುರುಕಿದರೆ ಅಲ್ಲೇ ಸಾಯುತ್ತದೆ. ಪ್ಲಗ್‌ನ ಕಿಡಿಯೂ ಮೊದಲು ಹುಟ್ಟಿಸುವುದು ಸಾಸಿವೆ ಕಾಳಿಗಿಂತ ಸಣ್ಣ ಒಂದು ಬೆಂಕಿಯ ಉಂಡೆಯನ್ನು. ಅದು ಬೆಳೆದು ಸಿಲಿಂಡರ್ ತುಂಬಾ ಹರಡಬೇಕು. ಗ್ಯಾಪ್ ತೀರಾ ಕಿರಿದಾದರೆ ಎರಡೂ ಕಡೆಯ ಲೋಹ ಅದರ ಶಾಖವನ್ನು ಹೀರಿಬಿಡುತ್ತದೆ. ಐಡ್ಲಿಂಗ್‌ನಲ್ಲಿ ಸಿಲಿಂಡರಿನೊಳಗೆ ಪೆಟ್ರೋಲ್ ಗಾಳಿ ಎರಡೂ ತೆಳ್ಳಗೆ, ಹಿಂದಿನ ಸುತ್ತಿನ ಹೊಗೆಯೂ ಉಳಿದಿರುತ್ತದೆ. ಅಂಥಲ್ಲಿ ಎಳೇ ಬೆಂಕಿ ನಂದುವುದು ಬೇಗ. ಪೂರ್ತಿ ಗಾಳಿ ನುಗ್ಗುವ ಘಟ್ಟದಲ್ಲಿ ಹಾಗಾಗುವುದಿಲ್ಲ. ದೊಡ್ಡ ಗ್ಯಾಪ್‌ನ ರೋಗ ಏರಿನಲ್ಲಿ, ಸಣ್ಣ ಗ್ಯಾಪ್‌ನ ರೋಗ ನಿಂತಲ್ಲಿ. ಎಲ್ಲಾ ಕೆಮ್ಮಿಗೂ ಪ್ಲಗ್ಗೇ ಕಾರಣ ಅಂತಲ್ಲ, ಆದರೆ ಎಲ್ಲಿ ಕೆಮ್ಮುತ್ತದೆ ಅನ್ನುವುದನ್ನು ಮೆಕ್ಯಾನಿಕ್‌ಗೆ ಹೇಳಿದರೆ ಅವನ ಅರ್ಧ ಕೆಲಸ ಉಳಿಯುತ್ತದೆ.

ಅಂದಹಾಗೆ, ಬಿದ್ದ ಪ್ಲಗ್ ಅನ್ನು ನಾನು ಬಗ್ಗಿಸಿ ಮತ್ತೆ ಹಾಕಿದೆ. ಅದು ತಪ್ಪು. ಬಿದ್ದಾಗ ಒಳಗಿನ ಪಿಂಗಾಣಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಕರೆಂಟು ಆ ಬಿರುಕಿನಲ್ಲಿ ಸೋರಿಹೋಗುತ್ತದೆ. ಗಟ್ಟಿ ನೆಲಕ್ಕೆ ಬಿದ್ದ ಪ್ಲಗ್ ಅನ್ನು ಪಕ್ಕಕ್ಕಿಡುವುದೇ ಸರಿ.

ಸರಿಯಾದ ಗ್ಯಾಪ್ ಎಷ್ಟು ಹಾಗಾದರೆ? ಎಲ್ಲರೂ ಕೇಳುವುದು ಇದನ್ನೇ, ಇದಕ್ಕೆ ಒಂದೇ ಉತ್ತರ ಇಲ್ಲ. ಗ್ಯಾಪ್‌ನ ಅಳತೆಯನ್ನು ತೀರ್ಮಾನಿಸುವುದು ಇಂಜಿನ್. ಪ್ಲಗ್‌ನ ಡಬ್ಬಿ ಅದಕ್ಕೆ ಎರಡನೇ ಸಾಕ್ಷಿ ಮಾತ್ರ.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಬೈಕಿಗೆ 0.8ರಿಂದ 0.9. ತೋಟಕ್ಕೆ ಕೊಳೆ ಮದ್ದು ಹೊಡೆಯುವ ಪಂಪಿಗೆ ಹೊಂಡಾ ಜಿಎಕ್ಸ್160 ಇಂಜಿನ್ ಇದೆ, ಅದಕ್ಕೆ 0.7ರಿಂದ 0.8. ಹುಲ್ಲು ಸವರುವ ಸ್ಟಿಲ್ ಬ್ರಷ್ ಕಟ್ಟರಿಗೆ 0.5. ಭಾವನ ಕಾರಿನ ಪುಸ್ತಕದಲ್ಲಿ 1 ಮಿಲಿಮೀಟರಿಗೂ ಮೇಲೆ. ಒಂದೇ ಅಂಗಳ, ನಾಲ್ಕು ಅಳತೆ.

ಬ್ರಷ್ ಕಟ್ಟರಿಗೆ ಯಾಕೆ ಅಷ್ಟು ಕಡಿಮೆ? ಅದರಲ್ಲಿ ಬ್ಯಾಟರಿಯೇ ಇಲ್ಲ. ಚಕ್ರಕ್ಕೆ ಅಂಟಿಸಿದ ಅಯಸ್ಕಾಂತ ಕಾಯಿಲ್ ಎದುರು ಹಾದುಹೋಗುವ ವೇಗದಿಂದಲೇ ಕರೆಂಟು ಹುಟ್ಟಬೇಕು. ನಾವು ಹಗ್ಗ ಎಳೆದು ಸ್ಟಾರ್ಟ್ ಮಾಡುವಾಗ ಆ ವೇಗ ಎಷ್ಟಿರುತ್ತದೆ ಹೇಳಿ? ಸಿಗುವ ವೋಲ್ಟೇಜ್ ಕಡಿಮೆ. ಅಷ್ಟರಲ್ಲೇ ಕಿಡಿ ಹಾರಬೇಕಾದರೆ ಗ್ಯಾಪ್ ಕಿರಿದಿರಬೇಕು. ಬೈಕಿನ ಲೆಕ್ಕದಲ್ಲಿ ಅದಕ್ಕೆ 0.9 ಇಟ್ಟರೆ ರಟ್ಟೆ ಬಿದ್ದುಹೋಗುವವರೆಗೆ ಹಗ್ಗ ಎಳೆಯುತ್ತಿರಬೇಕಾಗುತ್ತದೆ. ಜೂನ್ ತಿಂಗಳಲ್ಲಿ ತೋಟದಲ್ಲಿ ನಿಂತು ಹಗ್ಗ ಎಳೆದು ಬೈದವರು ನಮ್ಮೂರಲ್ಲಿ ಕಡಿಮೆ ಇಲ್ಲ. ಕಾರುಗಳಲ್ಲಿ ಈಗ ಒಂದೊಂದು ಪ್ಲಗ್‌ಗೂ ಒಂದೊಂದು ಬಲವಾದ ಕಾಯಿಲ್ ಇರುತ್ತದೆ, ಹಾಗಾಗಿ ಅಲ್ಲಿ ಗ್ಯಾಪ್ ದೊಡ್ಡದಿಡಬಹುದು. ಟರ್ಬೊ ಇದ್ದರೆ ಒತ್ತಡ ಜಾಸ್ತಿ, ಮತ್ತೆ ಕಡಿಮೆ ಮಾಡಬೇಕು. ಎಲ್ಲಾ ಪಾಶೆನ್ನನ ಗುಣಾಕಾರವೇ. ಟಿಲ್ಲರ್, ಪಿಕಪ್‌ನಂಥ ಡೀಸೆಲ್ ಗಾಡಿಯವರು ಈ ಲೇಖನವನ್ನು ಇಲ್ಲಿಗೇ ಬಿಡಬಹುದು, ಅವುಗಳಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ.

ಸರಿಯಾದ ಅಂಕೆ ಗಾಡಿಯ ಮ್ಯಾನುಯಲ್‌ನಲ್ಲಿ ಇರುತ್ತದೆ. ಪ್ಲಗ್ ಮೇಲಿನ ಅಕ್ಷರಗಳೂ ಕೆಲವೊಮ್ಮೆ ಹೇಳುತ್ತವೆ. ಎನ್‌ಜಿಕೆಯ ಸಿಪಿಆರ್8ಇಎ-9 ಎಂಬುದನ್ನು ನೋಡಿ. ಮೊದಲ ‘ಸಿ’ ಅಂದರೆ ಮರೆಯ ಅಗಲ 10 ಮಿಲಿಮೀಟರ್. ‘ಆರ್’ ಅಂದರೆ ಒಳಗೆ ರೆಸಿಸ್ಟರ್ ಇದೆ. 8 ಎಂಬುದು ಶಾಖದ ದರ್ಜೆ, ಅಂದರೆ ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನುವ ಲೆಕ್ಕ. ‘ಇ’ ಅಂದರೆ ಮರೆಯ ಉದ್ದ 19 ಮಿಲಿಮೀಟರ್. ಕೊನೆಯ 9 ಅಂದರೆ 0.9 ಮಿಲಿಮೀಟರ್ ಗ್ಯಾಪ್. 11 ಎಂದಿದ್ದರೆ 1.1. ಶಾಖದ ದರ್ಜೆಯನ್ನು ಗ್ಯಾಪ್ ಜೊತೆ ಕಲಸಬೇಡಿ, ಅದು ಬೇರೆಯೇ ವಿಷಯ. ಎನ್‌ಜಿಕೆಯಲ್ಲಿ ಅಂಕೆ ಏರಿದರೆ ತಣ್ಣನೆಯ ಪ್ಲಗ್, ಬಾಷ್‌ನಲ್ಲಿ ಏರಿದರೆ ಬಿಸಿ ಪ್ಲಗ್. ಕಂಪನಿ ಬದಲಿಸುವಾಗ ಅಂಗಡಿಯವನ ಪಟ್ಟಿಯಲ್ಲಿ ಹೊಂದಿಸಿಯೇ ತನ್ನಿ.

‘ಡಬ್ಬಿಯಿಂದ ತೆಗೆದು ಹಾಕಿದರಾಯ್ತು, ಕಂಪನಿಯವರೇ ಗ್ಯಾಪ್ ಇಟ್ಟಿರ್ತಾರೆ’ ಎನ್ನುವವರಿದ್ದಾರೆ. ಇಟ್ಟಿರುತ್ತಾರೆ, ಸುಳ್ಳಲ್ಲ. ಆದರೆ ಒಂದೇ ಪ್ಲಗ್ ಹತ್ತಾರು ಬಗೆಯ ಇಂಜಿನ್‌ಗೆ ಹೋಗುತ್ತದೆ. ಅವರು ಇಟ್ಟ ಅಳತೆ ನಿಮ್ಮದೇ ಆಗಿರಬೇಕೆಂದಿಲ್ಲ. ಇನ್ನು ಆ ಡಬ್ಬಿ ಎಷ್ಟು ಲಾರಿ ಹತ್ತಿ ಇಳಿದು, ಎಷ್ಟು ಘಟ್ಟ ಕುಲುಕಿಸಿಕೊಂಡು, ಯಾವ ಕಪಾಟಿನಿಂದ ಬಿದ್ದು ನಿಮ್ಮ ಕೈಗೆ ಬಂದಿದೆಯೋ. ಹೆಚ್ಚಿನ ಸಲ ಸರಿಯಾಗಿಯೇ ಇರುತ್ತದೆ. ಅಳೆಯಲು ಒಂದು ನಿಮಿಷ ಸಾಕಲ್ಲ?

ನಮ್ಮ ಕಡೆಯ ಹಳೇ ಮೆಕ್ಯಾನಿಕ್‌ಗಳ ಅಳತೆಗೋಲು ಆಕ್ಸಾ ಬ್ಲೇಡ್. ಕಬ್ಬಿಣ ಕುಯ್ಯುವ ಗರಗಸದ ಅದೇ ಬ್ಲೇಡು. ಅದರ ಬೆನ್ನನ್ನು ಗ್ಯಾಪ್‌ನಲ್ಲಿ ತೂರಿಸಿ, ಕೊಕ್ಕೆಗೆ ಟಕ್ ಎಂದು ತಟ್ಟಿ, ‘ಆಯ್ತು, ಹಾಕು’ ಎನ್ನುತ್ತಾರೆ. ನಗಬೇಡಿ, ಅದರ ಹಿಂದೆ ಲೆಕ್ಕವಿದೆ. ಆ ಬ್ಲೇಡಿನ ದಪ್ಪ ಇಂಚಿನ ಸಾವಿರದಲ್ಲಿ 25 ಭಾಗ, ಗ್ಯಾರೇಜಿನ ಭಾಷೆಯಲ್ಲಿ 25 ಥೌ. ಅಂದರೆ ಸುಮಾರು 0.64 ಮಿಲಿಮೀಟರ್. ಪಾಯಿಂಟ್ ಇಗ್ನಿಷನ್ (ಕಾಯಿಲ್‌ನ ಕರೆಂಟನ್ನು ಸಣ್ಣ ಸ್ವಿಚ್ಚೊಂದು ಕಡಿದು ಕಿಡಿ ಹಾರಿಸುತ್ತಿದ್ದ ಹಳೇ ಏರ್ಪಾಡು) ಇದ್ದ ಕಾಲದ ಬಹಳಷ್ಟು ಗಾಡಿಗಳಿಗೆ ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ. ಕಾಲ ಬದಲಾಗಿ ಗಾಡಿಗಳು 0.9ಕ್ಕೆ ಹೋದವು, ಬ್ಲೇಡು ಮಾತ್ರ 25 ಥೌನಲ್ಲೇ ಉಳಿಯಿತು. ಹೊಸ ಬೈಕಿನ ಪ್ಲಗ್ ಅನ್ನು ಆಕ್ಸಾ ಬ್ಲೇಡಿಗೆ ತಟ್ಟಿ ಹೊಂದಿಸಿದರೆ ಐಡ್ಲಿಂಗ್ ಕೆಡುವುದು ಅದಕ್ಕೇ.

ಫೀಲರ್ ಗೇಜ್ ಎಂಬ ಸಾಧನ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಮನೆಮಂದಿಗೆಲ್ಲ ಮಸಾಲೆ ದೋಸೆ ಕೊಡಿಸುವುದಕ್ಕಿಂತ ಅಗ್ಗ. ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ತೆಳ್ಳನೆಯ ಉಕ್ಕಿನ ಪಟ್ಟಿಗಳು, ಒಂದೊಂದರ ಮೇಲೂ ಅದರ ದಪ್ಪ ಕೊರೆದಿರುತ್ತದೆ. ಹೊಸ ಪ್ಲಗ್‌ಗೆ ಇದು ಸಾಕು. ಓಡಿದ ಪ್ಲಗ್‌ಗೆ ತಂತಿಯಂತೆ ಉರುಟಾದ ಗೇಜ್ ಒಳ್ಳೆಯದು. ಸವೆದ ಎಲೆಕ್ಟ್ರೋಡ್‌ನಲ್ಲಿ ಹಳ್ಳ ಬಿದ್ದಿರುತ್ತದೆ. ಚಪ್ಪಟೆ ಪಟ್ಟಿ ಆ ಹಳ್ಳದ ದಡದ ಮೇಲೆ ಕೂತು ‘0.8’ ಎನ್ನುತ್ತದೆ, ಕಿಡಿ ಮಾತ್ರ ಹಳ್ಳದ ತಳದಿಂದ ಹಾರಬೇಕಾಗಿರುತ್ತದೆ. ನಾಣ್ಯದ ಆಕಾರದ ಗೇಜ್ ಒಂದಿದೆ, ಅಂಚು ಸುತ್ತ ದಪ್ಪವಾಗುತ್ತಾ ಹೋಗುತ್ತದೆ. ನನಗೆ ಅದು ಹಿಡಿಸುವುದಿಲ್ಲ. ಅದನ್ನು ಒತ್ತಿ ತಿರುಗಿಸಿ ಗ್ಯಾಪ್ ಹಿಗ್ಗಿಸಲು ಹೋಗಿ ನಡುವಿನ ಎಲೆಕ್ಟ್ರೋಡಿಗೆ ಪೆಟ್ಟು ಮಾಡುವವರೇ ಜಾಸ್ತಿ.

ಅಳೆಯುವುದು ಹೀಗೆ. ಗೇಜ್ ಪಟ್ಟಿಯ ಎಣ್ಣೆ ಒರೆಸಿ. ನಿಮ್ಮ ಅಳತೆ 0.8ರಿಂದ 0.9 ಆಗಿದ್ದರೆ ಮೊದಲು 0.8ರ ಪಟ್ಟಿ ತೂರಿಸಿ. ಹೋಗಬೇಕು. ಆಮೇಲೆ 0.95ರದ್ದು. ಹೋಗಬಾರದು. ಇಷ್ಟಾದರೆ ಕೆಲಸ ಮುಗಿಯಿತು, ಏನೂ ಮುಟ್ಟಬೇಡಿ. ಸರಿಯಾದ ದಪ್ಪದ ಪಟ್ಟಿ ದಪ್ಪ ಪುಸ್ತಕದ ನಡುವಿನಿಂದ ಹಾಳೆ ಎಳೆದಂತೆ ತುಸು ಹಿಡಿದುಕೊಂಡು ಬರುತ್ತದೆ. ಸಡಿಲವಾಗಿ ಅಲ್ಲಾಡಿದರೆ ಗ್ಯಾಪ್ ಜಾಸ್ತಿ. ಒತ್ತಿ ತೂರಿಸಬೇಕಾದರೆ ಕಡಿಮೆ. ಒತ್ತಿ ತೂರಿಸಿದರೆ ಪಟ್ಟಿಯೇ ಕೊಕ್ಕೆಯನ್ನು ಸರಿಸಿಬಿಡುತ್ತದೆ. ಆಗ ಅಳೆದಂತೆಯೂ ಆಗಲಿಲ್ಲ, ಬಿಟ್ಟಂತೆಯೂ ಆಗಲಿಲ್ಲ.

ಗ್ಯಾಪ್ ಕಡಿಮೆ ಮಾಡಬೇಕೆ? ಪ್ಲಗ್ ಅನ್ನು ಕೊಕ್ಕೆ ಕೆಳಗೆ ಬರುವಂತೆ ಹಿಡಿದು ಅದನ್ನು ಮರದ ತುಂಡಿನ ಮೇಲೆ ಮೆಲ್ಲಗೆ ತಟ್ಟಿ. ಅಡಿಕೆ ಸುಲಿಯುವ ಮಣೆ ಇದ್ದರೆ ಅದೇ ಸಾಕು. ಒಂದು ತಟ್ಟು, ಒಂದು ಅಳತೆ. ಮತ್ತೆ ಒಂದು ತಟ್ಟು. ಕವಳ ಹಾಕಿಕೊಂಡು ಮಾಡುವ ಕೆಲಸ, ಅವಸರ ಸಲ್ಲ. ಹಿಗ್ಗಿಸಬೇಕಾದರೆ ಗೇಜ್ ಜೊತೆ ಬರುವ ಬಗ್ಗಿಸುವ ಸಾಧನದ ಸಂದಿಗೆ ಕೊಕ್ಕೆಯನ್ನು ಸಿಕ್ಕಿಸಿ ಹೊರಗೆ ಎತ್ತಿ. ಆ ಸಾಧನ ಇಲ್ಲದಿದ್ದರೆ ಸಣ್ಣ ಮೂತಿಯ ಇಕ್ಕಳದಲ್ಲಿ ಕೊಕ್ಕೆಯನ್ನು ಮಾತ್ರ ಹಿಡಿದು ಎತ್ತಿ. ಸ್ಕ್ರೂಡ್ರೈವರ್ ತೂರಿಸಿ ನಡುವಿನ ಎಲೆಕ್ಟ್ರೋಡಿನ ಮೇಲೆ ಭಾರ ಹಾಕಿ ಮೀಟುವುದನ್ನು ಕಂಡಾಗ ನನಗೆ ಮೈ ಜುಂ ಎನ್ನುತ್ತದೆ. ಆ ಭಾರ ಹೋಗುವುದು ನೇರ ಪಿಂಗಾಣಿಗೆ.

ಬಗ್ಗಿಸಿದ ಲೋಹ ಬಿಟ್ಟಾಗ ಸ್ವಲ್ಪ ಹಿಂದೆ ಬರುತ್ತದೆ, ಅದಕ್ಕೆ ಪ್ರತಿ ಸಲ ಅಳೆಯಬೇಕು. 0.2 ಮಿಲಿಮೀಟರಿಗಿಂತ ಜಾಸ್ತಿ ಬದಲಿಸಬೇಕಾಗಿ ಬಂದರೆ ನಿಮ್ಮ ಕೈಯಲ್ಲಿರುವುದು ಆ ಇಂಜಿನ್‌ನ ಪ್ಲಗ್ಗೇ ಅಲ್ಲದಿರಬಹುದು, ನಂಬರ್ ಇನ್ನೊಮ್ಮೆ ನೋಡಿ. ಆಚೆ ಈಚೆ ಪದೇ ಪದೇ ಬಗ್ಗಿಸಿದ ಕೊಕ್ಕೆ ದುರ್ಬಲವಾಗುತ್ತದೆ. ಅದು ಮುರಿದರೆ ಬೀಳುವುದು ಸಿಲಿಂಡರಿನೊಳಗೆ, ಆಮೇಲಿನ ಬಿಲ್ ಕೇಳಬೇಡಿ. ಕೊನೆಗೆ ಪ್ಲಗ್ ಅನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎರಡು ಬದಿಯಿಂದ ನೋಡಿ. ಕೊಕ್ಕೆ ನಡುವಿನ ಕಡ್ಡಿಗೆ ಎದುರಾಗಿ, ಸಮಾನಾಂತರವಾಗಿ ಇರಬೇಕು. ಒಂದು ತುದಿ ಎತ್ತಿ ಕಪ್ಪೆ ಬಾಯಿ ತೆರೆದಂತಿದ್ದರೆ ಅಳತೆ ಸರಿ ಬಂದರೂ ಒಂದೇ ಮೂಲೆ ಸವೆಯುತ್ತದೆ.

ಇರಿಡಿಯಂ ಪ್ಲಗ್ ಆಗಿದ್ದರೆ ಈ ಬಗ್ಗಿಸುವ ಕೆಲಸವನ್ನೇ ಬಿಡಿ. ನಿಕ್ಕಲ್ 1,455 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಇರಿಡಿಯಂ ಕರಗಲು 2,446 ಡಿಗ್ರಿ ಬೇಕು. ಅದಕ್ಕೇ ಅದರ ತುದಿಯನ್ನು ಸೂಜಿಯಷ್ಟು ತೆಳ್ಳಗೆ ಮಾಡಿದರೂ ಬಹುಕಾಲ ಸವೆಯುವುದಿಲ್ಲ. ಶಾಖಕ್ಕೆ ಬಗ್ಗದ ಆ ತುದಿ ಪೆಟ್ಟಿಗೆ ಮಾತ್ರ ಪಟಕ್ಕನೆ ಮುರಿಯುತ್ತದೆ. ತಂತಿ ಗೇಜ್‌ನಲ್ಲಿ ಮುಟ್ಟಿಯೂ ಮುಟ್ಟದಂತೆ ಅಳೆಯಿರಿ. ತಪ್ಪಿದ್ದರೆ ಅಂಗಡಿಗೆ ವಾಪಸ್ ಕೊಡಿ.

ಹಾಕುವ ಕೆಲಸದಲ್ಲಿ ಅಪಾಯ ಇರುವುದು ಒಂದೇ ಕಡೆ, ಮರೆಯಲ್ಲಿ. ಇಂಜಿನ್ ತಣ್ಣಗಿರಲಿ. ಹಳೇ ಪ್ಲಗ್ ಬಿಚ್ಚುವ ಮೊದಲು ಸುತ್ತಲಿನ ಮಣ್ಣು ಊದಿ ತೆಗೆಯಿರಿ, ಇಲ್ಲವಾದರೆ ಘಟ್ಟದ ಕೆಂಪು ಮಣ್ಣೆಲ್ಲ ಸಿಲಿಂಡರಿಗೆ ಬೀಳುತ್ತದೆ. ಹೊಸದನ್ನು ಕೈಯಿಂದಲೇ ತಿರುಗಿಸಿ ಕೂರಿಸಿ. ಕೈ ಹೋಗದ ಜಾಗವಾದರೆ ಒಂದು ಗೇಣು ಹಳೇ ಪೆಟ್ರೋಲ್ ಪೈಪನ್ನು ಪ್ಲಗ್‌ನ ತಲೆಗೆ ಸಿಕ್ಕಿಸಿ ತಿರುಗಿಸಿ. ಮರೆ ಓರೆಯಾಗಿ ಹಿಡಿದರೆ ಪೈಪು ಜಾರುತ್ತದೆ, ಸ್ಪ್ಯಾನರ್ ಹಾಗಲ್ಲ, ಅಲ್ಯೂಮಿನಿಯಂ ಮರೆಯನ್ನು ಹರಿದೇ ಬಿಡುತ್ತದೆ. ಕೈಬಿಗಿ ಆದ ಮೇಲೆ ವಾಷರ್ ಇರುವ ಹೊಸ ಪ್ಲಗ್‌ಗೆ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು. ಅದೇ ಪ್ಲಗ್ ಮತ್ತೆ ಹಾಕುವುದಾದರೆ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಗಡಿಯಾರದ ಮುಳ್ಳು ಒಂದು ಅಂಕೆ ಸರಿದಷ್ಟು ಸಾಕು. ಟಾರ್ಕ್ ರೆಂಚ್ ಇದ್ದವರಿಗೆ: 10 ಮಿಲಿಮೀಟರ್ ಮರೆಗೆ 10ರಿಂದ 12 ನ್ಯೂಟನ್ ಮೀಟರ್, 14 ಮಿಲಿಮೀಟರಿಗೆ 25ರಿಂದ 30.

ಬಿಚ್ಚಿದ ಹಳೇ ಪ್ಲಗ್ ಎಸೆಯುವ ಮೊದಲು ಅದರ ಮುಖ ನೋಡಿ. ತಿಳಿ ಕಂದು ಅಥವಾ ಬೂದು ಬಣ್ಣವಾದರೆ ಇಂಜಿನ್ ಆರೋಗ್ಯವಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಎಣ್ಣೆ ಜಿಡ್ಡಾಗಿದ್ದರೆ ಪಿಸ್ಟನ್ ರಿಂಗ್ ಕಡೆ ಗಮನ ಕೊಡಿ. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ವಿಪರೀತ ಬಿಸಿಯಾಗುತ್ತಿದೆ.

ಇಷ್ಟೆಲ್ಲ ಸರಿ ಮಾಡಿಯೂ ಮಳೆಗಾಲದಲ್ಲಿ ಕೆಮ್ಮಿದರೆ ಪ್ಲಗ್ ಕ್ಯಾಪ್ ನೋಡಿ. ಕರೆಂಟು ಯಾವತ್ತೂ ಸುಲಭದ ದಾರಿ ಹಿಡಿಯುತ್ತದೆ. ಗ್ಯಾಪ್ ದೊಡ್ಡದಿದ್ದು ಕ್ಯಾಪ್ ಒದ್ದೆಯಿದ್ದರೆ ಒಳಗೆ ಹಾರುವ ಬದಲು ಹೊರಗಿನಿಂದಲೇ ಜಾರಿ ಅರ್ತ್ ಆಗುತ್ತದೆ. ರಾತ್ರಿ ದೀಪ ಆರಿಸಿ ಇಂಜಿನ್ ಚಾಲೂ ಇಟ್ಟು ದೂರದಿಂದ ನೋಡಿದರೆ ಕ್ಯಾಪ್ ಸುತ್ತ ನೀಲಿ ಗೆರೆಗಳು ಕುಣಿಯುವುದು ಕಾಣುತ್ತದೆ.

ಕರಾವಳಿಯಲ್ಲಿ ಇದಕ್ಕೆ ಉಪ್ಪು ಸೇರುತ್ತದೆ. ಕಾರವಾರದಲ್ಲಿ ನನ್ನ ಗೆಳೆಯನೊಬ್ಬನಿಗೆ ಔಟ್‌ಬೋರ್ಡ್ ಇಂಜಿನ್ ಹಾಕಿದ ನಾಡದೋಣಿ ಇದೆ. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಿಸುವ ಇಂಜಿನ್. ಸೀಮೆಎಣ್ಣೆಯ ಮಸಿ ಪ್ಲಗ್‌ಗೆ ಬೇಗ ಕಟ್ಟುತ್ತದೆ, ಹೊರಗಿನಿಂದ ಉಪ್ಪುಗಾಳಿ ಟರ್ಮಿನಲ್ ತಿನ್ನುತ್ತದೆ. ಅವನ ದೋಣಿಯಲ್ಲಿ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯೊಂದಿದೆ. ಒಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಪ್ಲಗ್. ನಾಲ್ಕಕ್ಕೂ ಮನೆಯಲ್ಲೇ, ಬೆಳಕಿನಲ್ಲಿ ಕೂತು, ಗ್ಯಾಪ್ ಇಟ್ಟು ತರುತ್ತಾನೆ. ಫೀಲರ್ ಗೇಜ್ ಯಾಕೆ ದೋಣಿಯಲ್ಲಿ ಇಟ್ಟಿಲ್ಲ ಎಂದು ಕೇಳಿದೆ. ಅಲೆಯ ಮೇಲೆ ದೋಣಿ ಕುಣಿಯುತ್ತಿರುವಾಗ 0.1 ಮಿಲಿಮೀಟರ್ ಅಳೆಯುತ್ತಾ ಕೂತರೆ ಪ್ಲಗ್ ಸಮುದ್ರಕ್ಕೆ, ಗೇಜ್ ಅದರ ಹಿಂದೆ ಎಂದ.